ಬಿಯರನ್ನು ತೂಗಿ ನೋಡಿದ ಜೋಸೆಫ್ ಲಿವ್ಸಿ

ಇಂಗ್ಲೆಂಡ್ ದೇಶದ ವಾಯವ್ಯ ಭಾಗದಲ್ಲಿ ಲ್ಯಾಂಕಶೈರ್ ಎಂಬ ಸೀಮೆಯುಂಟು. ಅಲ್ಲಿ ರಿಬಲ್ ಎಂಬ ಹೊಳೆಯ ದಡದಲ್ಲಿ ಪ್ರೆಸ್ಟನ್ ಪಟ್ಟಣವಿದೆ. ಅದಕ್ಕೆ ಸಮೀಪವಾದ ವಾಲ್ಟನ್-ಲಿ-ಡೇಲ್ ಎಂಬ ಹಳ್ಳಿಯಲ್ಲಿ 1794ನೇ ಇಸವಿ ಮಾರ್ಚ್ 5ರಲ್ಲಿ ಜೋಸೆಫ್ ಲಿವ್ಸಿ ಎಂಬವನು ಹುಟ್ಟಿದನು. ಕುಡಿತದ ಕೆಸರಿನಿಂದ ಎದ್ದು ಬಂದ ಕುಡುಕರ ಚರಿತ್ರೆಗಳನ್ನು ನಮ್ಮ ವಾಚಕರು ಅನೇಕಾವರ್ತಿ ಕೇಳಿರುವರು. ನಾವು ಈಗ ಹೇಳತಕ್ಕವನಾದರೋ ಕುಡುಕನೆಂದು ಹೆಸರುಗೊಂಡವನಲ್ಲ. ನೆರೆಹೊರೆಯವರೆಲ್ಲರ ಹಾಗೆ ಊಟದ ಸಂಗಡ ಸ್ವಲ್ಪ ಬಿಯರು, ಅತಿಥಿಯಾಗಿ ಹೋದಲ್ಲಿ ಒಂದು ಗ್ಲಾಸು, ಇಷ್ಟೇ ಅವನ ರೂಢಿಯಾಗಿತ್ತು. ಆದುದರಿಂದಲೇ ಅವನ ಚರಿತ್ರೆಯು ನಮಗೆ ಹೆಚ್ಚು ಪ್ರಯೋಜನಕರವಾಗಿ ತೋರುತ್ತದೆ. ಯಾಕಂದರೆ ನಮ್ಮ ಹಳ್ಳಿಗಳಲ್ಲಿ ಕುಡಿದು ದಾರಿಯಲ್ಲಿ ಬಿದ್ದಿರುವವರು ಕೆಲವರೇ. ಸಾಯಂಕಾಲ ಮೈನೋವಿಗೆಂದು ಸ್ವಲ್ಪ ಕುಡಿದು, ಅದರಲ್ಲಿ ಯೋಚಿಸತಕ್ಕದ್ದು ಏನೂ ಇಲ್ಲವೆಂದು ಎಣಿಸುವವರು ಬಹು ಮಂದಿ.

ಜೋಸೆಫನು ಏಳು ವರ್ಷದವನಾಗಿದ್ದಾಗ ಅವನ ತಂದೆತಾಯಿಗಳಿಬ್ಬರೂ ಸ್ವಲ್ಪ ಕಾಲದ ಅಂತರದಲ್ಲಿ ಕ್ಷಯರೋಗದಿಂದ ತೀರಿಹೋದರು. ದಿಕ್ಕಿಲ್ಲದ ಹುಡುಗನನ್ನು ಅಜ್ಜನು ತನ್ನ ಮನೆಗೆ ಕರಕೊಂಡನು. ಅಜ್ಜನೂ ಅವನ ಮತ್ತೊಬ್ಬ ಮಗನೂ ಕೈಮಗ್ಗದ ನೇಕಾರರು. ಮಗ್ಗಗಳು ಮನೆಯ ಕೆಳಗಿನ ನೆಲಮಾಳಿಗೆಯಲ್ಲಿದ್ದವು. ಅಲ್ಲಿಯ ನೆಲ ಯಾವಾಗಲೂ ಒದ್ದೆ, ಬೆಳಕು ಬಹಳ ಕಡಿಮೆ. ಹುಡುಗನು ಮೊದಮೊದಲು ಹಿರಿಯರಿಬ್ಬರಿಗೂ ಕಂಡಿಕೆ ಸುತ್ತಿಕೊಡುತ್ತಿದ್ದನು. ಬೆಳೆದು ಕೈಕಾಲು ಎಟುಕುವಂತಾದ ಮೇಲೆ ತಾನೂ ಮಗ್ಗಕ್ಕೆ ಕೂತನು. ಶಾಲೆಗೆ ಹೋಗುವ ಭಾಗ್ಯವು ಅವನಿಗೆ ಸ್ವಲ್ಪವೇ ದೊರೆಯಿತು. ಆದರೂ ಮಗ್ಗದ ಮುಂದಿನ ತೊಲೆಯ ಮೇಲೆ ಪುಸ್ತಕವನ್ನು ತೆರೆದಿಟ್ಟು, ಒಂದು ಕಣ್ಣು ಲಾಳಿಯ ಮೇಲೆ, ಒಂದು ಕಣ್ಣು ಅಕ್ಷರದ ಮೇಲೆ ಎಂಬಂತೆ ಓದುವುದನ್ನು ಕಲಿತನು. ರಾತ್ರಿಯಲ್ಲಿ ಮೇಣದ ಬತ್ತಿಗೆ ಹಣವಿಲ್ಲದ್ದರಿಂದ ಎಲ್ಲರೂ ಮಲಗಿದ ಬಳಿಕ ಒಲೆಯಲ್ಲಿ ಉಳಿದ ಕೆಂಡದ ಬೆಳಕಿಗೆ ತಲೆಯನ್ನು ಒಡ್ಡಿಕೊಂಡು ಓದುವನು. ಓದಿದ್ದನ್ನು ಹಾಗೆಯೇ ನಂಬದೆ ಲೆಕ್ಕ ಹಾಕಿ ನೋಡುವ ಗುಣವೊಂದು ಅವನಲ್ಲಿತ್ತು. ಈ ಗುಣವೇ ಮುಂದಕ್ಕೆ ದೊಡ್ಡ ಕೆಲಸಕ್ಕೆ ಬಂತು.

1815ರಲ್ಲಿ ಅವನು ಜೇನ್ ವಿಲಿಯಮ್ಸ್ ಎಂಬ ಲಿವರ್‌ಪೂಲಿನ ಕನ್ಯೆಯನ್ನು ಮದುವೆಯಾದನು. ಇಬ್ಬರಿಗೂ ಬಡತನವೇ ಬಂಡವಾಳ. ಮರು ವರ್ಷ ಅವನ ದೇಹಸ್ಥಿತಿಯು ಕೆಟ್ಟಿತು. ನೋಡಿದ ವೈದ್ಯನು ಬೆಳಿಗ್ಗೆಯ ಕೆಲಸದ ನಡುವೆ ಸ್ವಲ್ಪ ರೊಟ್ಟಿಯನ್ನೂ ಚೀಸನ್ನೂ ತಿಂದು, ಮೇಲೆ ಸ್ವಲ್ಪ ಬಿಯರು ಕುಡಿಯಬೇಕೆಂದು ಅಪ್ಪಣೆಕೊಟ್ಟನು. ಚೀಸೆಂದರೆ ಹಾಲನ್ನು ಒಡೆಸಿ, ಹಿಂಡಿ, ಗಟ್ಟಿಮಾಡಿ, ತಿಂಗಳುಗಟ್ಟಲೆ ಇಡುವ ಗಿಣ್ಣು. ಕೊಂಡುಕೊಳ್ಳಲು ಹೋದ ಲಿವ್ಸಿಯು ಅಂಗಡಿಯ ಚಿಲ್ಲರೆ ಕ್ರಯಕ್ಕೂ ಸಂತೆಯಲ್ಲಿ ಇಡೀ ಗಡ್ಡೆಯ ಕ್ರಯಕ್ಕೂ ಬಹಳ ಭೇದವಿರುವುದನ್ನು ಕಂಡನು. ಹೇಗೋ ಹಣ ಕೂಡಿಸಿ ಒಂದು ಇಡೀ ಗಡ್ಡೆಯನ್ನು ತಂದು, ತನಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ನೆರೆಯ ನೇಕಾರರಿಗೆ ಕಡಿಮೆ ಕ್ರಯಕ್ಕೆ ತೂಗಿಕೊಟ್ಟನು. ಆ ಸ್ವಲ್ಪ ಹೊತ್ತಿನ ತೂಗುವಿಕೆಯಿಂದ ಬಂದ ಲಾಭವು ಅಷ್ಟೇ ಹೊತ್ತು ಮಗ್ಗದಲ್ಲಿ ಕೂತರೆ ಸಿಕ್ಕುವ ಕೂಲಿಗಿಂತ ಹೆಚ್ಚಾಗಿತ್ತು. ಹೀಗೆ ಅವನು ಮಗ್ಗವನ್ನು ಬಿಟ್ಟು ಚೀಸಿನ ವ್ಯಾಪಾರಿಯಾದನು. ಪ್ರೆಸ್ಟನಿನ ಸಂತೆಯಲ್ಲಿ ಅವನ ತಕ್ಕಡಿಯು ನಂಬಿಗಸ್ತವಾದದ್ದೆಂದು ಹೆಸರಾಯಿತು. ವೈದ್ಯನು ಬರೆದುಕೊಟ್ಟ ಎರಡು ಔಷಧಗಳಲ್ಲಿ ಒಂದು ಅವನ ಸಂಸಾರವನ್ನು ಸಲಹಿತು. ಇನ್ನೊಂದನ್ನು ಅವನು ತಕ್ಕಡಿಗೆ ಹಾಕಿ ನೋಡಲು ಇನ್ನೂ ಹದಿನೈದು ವರ್ಷ ಹಿಡಿಯಿತು.

ಆ ಕಾಲದ ಇಂಗ್ಲೆಂಡಿನಲ್ಲಿ ಕುಡಿಯದೆ ಯಾವ ಕಾರ್ಯವೂ ನಡೆಯುತ್ತಿರಲಿಲ್ಲ. ಹುಡುಗನು ಕೆಲಸ ಕಲಿಯಲು ಕಾರ್ಖಾನೆಗೆ ಸೇರಿದರೆ ಮೊದಲು ಜೊತೆಯವರಿಗೆ ಕುಡಿಸಬೇಕು. ಮದುವೆಯಲ್ಲಿಯೂ ಹೂಣುವಿಕೆಯಲ್ಲಿಯೂ ಕುಡಿತ. ಹಸು ಕೊಂಡರೆ ಕುಡಿತ, ಮಾರಿದರೆ ಕುಡಿತ. ಶನಿವಾರದ ಕೂಲಿಯನ್ನು ಕೆಲವು ಯಜಮಾನರು ಹೆಂಡದಂಗಡಿಯಲ್ಲಿಯೇ ಕೂತು ಕೊಡುತ್ತಿದ್ದರು. ಇದನ್ನು ಕಾಯಿದೆಯು ಪೂರ್ಣವಾಗಿ ತಡೆದದ್ದು 1883ರಲ್ಲಿ. ಕೂಲಿಯವನು ಕೈಗೆ ಹಣ ಬಂದ ಸ್ಥಳದಲ್ಲಿಯೇ ಅದನ್ನು ಅರ್ಧ ಬಿಟ್ಟು ಮನೆಗೆ ಬಂದರೆ ಆಶ್ಚರ್ಯವೇನು? ಇದನ್ನು ಓದುವ ನಮ್ಮ ಸ್ತ್ರೀಯರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಆಗಿನ ಸರಕಾರವು ಜಿನ್ ಎಂಬ ಬಟ್ಟಿ ಇಳಿಸಿದ ಸಾರಾಯಿಯ ಹಾವಳಿಗೆ ಹೆದರಿ, ಬಿಯರೆಂಬುದು ನಿರಪಾಯವಾದ ಆಹಾರಪಾನವೆಂದೂ ಜನರು ಅದನ್ನು ಕುಡಿದರೆ ಜಿನ್ನನ್ನು ಬಿಡುವರೆಂದೂ ಭಾವಿಸಿತು. ಆದುದರಿಂದ 1830ರಲ್ಲಿ ಒಂದು ಹೊಸ ಕಾಯಿದೆಯಾಯಿತು. ಮನೆತೆರಿಗೆ ಕೊಡುವ ಯಾವನಾದರೂ ಎರಡು ಗಿನಿ ಕಟ್ಟಿದರೆ ತನ್ನ ಮನೆಯಲ್ಲಿ ಬಿಯರು ಮಾರಬಹುದು. ಸ್ವಲ್ಪ ಕಾಲದಲ್ಲಿಯೇ ದೇಶದಲ್ಲೆಲ್ಲಾ ಸಾವಿರಾರು ಬಿಯರಂಗಡಿಗಳು ಎದ್ದವು. ಜಿನ್ ಕುಡಿಯುತ್ತಿದ್ದವರು ಅದನ್ನು ಬಿಡಲಿಲ್ಲ. ಮನೆಯ ಬಾಗಲಲ್ಲೇ ಅಂಗಡಿ ಬಂದದ್ದರಿಂದ ಮುಂಚೆ ಅಷ್ಟಾಗಿ ಕುಡಿಯದವರು ಕುಡಿಯಲು ತೊಡಗಿದರು. ಪ್ರೆಸ್ಟನಿನಲ್ಲಿ ವಯಸ್ಕರಿಗೆ ಆದಿತ್ಯವಾರದಲ್ಲಿ ಓದು ಕಲಿಸುತ್ತಿದ್ದ ಲಿವ್ಸಿಯು ಇದನ್ನು ಕಣ್ಣಾರೆ ಕಂಡನು. 1831ರಲ್ಲಿ ಅವನು ಜನರ ನಡತೆಯ ಸುಧಾರಣೆಗೆಂದು ಒಂದು ಮಾಸಪತ್ರಿಕೆಯನ್ನೂ ಹೊರಡಿಸಿದನು.

ಅದೇ ವರ್ಷದಲ್ಲಿ ಒಂದು ಚಿಕ್ಕ ಸಂಗತಿ ನಡೆಯಿತು. ವ್ಯಾಪಾರದ ಮಾತಿಗಾಗಿ ಒಬ್ಬರ ಮನೆಗೆ ಹೋಗಿದ್ದ ಲಿವ್ಸಿಗೆ ಅವರು ಮರ್ಯಾದೆಗಾಗಿ ಒಂದು ಗ್ಲಾಸು ವಿಸ್ಕಿಯನ್ನು ನೀರು ಬೆರಸಿ ಕೊಟ್ಟರು. ಅವನು ಕುಡಿದನು. ಅಮಲೇರಿ ಬೀಳಲಿಲ್ಲ, ಯಾರ ಮುಂದೆಯೂ ನಾಚಿಕೆಗೇಡಾಗಲಿಲ್ಲ. ಆದರೆ ತಲೆಯೂ ಮನಸ್ಸೂ ತನ್ನ ಸ್ವಾಧೀನದಿಂದ ಸ್ವಲ್ಪವಾಗಿ ಜಾರಿದಂತೆ ಅವನಿಗೆ ತೋರಿತು. ಮನೆಯಲ್ಲಿ ಬೆಳೆಯುತ್ತಿರುವ ಗಂಡುಮಕ್ಕಳ ನೆನಪು ಬಂತು. ತನಗೆ ಇಷ್ಟಕ್ಕೆ ನಿಲ್ಲಿಸಲು ಶಕ್ತಿಯಿದ್ದರೂ ತನ್ನನ್ನು ನೋಡಿ ಕಲಿಯುವ ಮಕ್ಕಳಲ್ಲಿ ಯಾವನಿಗೆ ಆ ಶಕ್ತಿ ಇರುವುದು, ಯಾವನಿಗೆ ಇಲ್ಲವೆಂದು ಮುಂಚಿತವಾಗಿ ಹೇಳುವವರಾರು? ಅದೇ ತನ್ನ ಕೊನೆಯ ಗ್ಲಾಸೆಂದು ನಿಶ್ಚಯಿಸಿದನು, ಹಾಗೆಯೇ ಆಯಿತು. ಮುಂದೆ ಅವನು ಐವತ್ತಕ್ಕಿಂತ ಹೆಚ್ಚು ವರ್ಷ ಬದುಕಿದನು.

1832ನೇ ಮಾರ್ಚ್ ತಿಂಗಳಲ್ಲಿ ಪ್ರೆಸ್ಟನಿನವರು ಒಂದು ಮಿತಪಾನ ಸಂಘವನ್ನು ಕಟ್ಟಿದರು. ಅಂಥ ಸಂಘಗಳು ಆಗ ಅಮೇರಿಕದಲ್ಲಿಯೂ ಬ್ರಿಟನಿನಲ್ಲಿಯೂ ಹಲವು ಇದ್ದವು. ಅವುಗಳ ಪ್ರತಿಜ್ಞೆ ಹೇಗಂದರೆ, ಬಟ್ಟಿ ಇಳಿಸಿದ ಸಾರಾಯಿಯನ್ನು ಸಂಪೂರ್ಣವಾಗಿ ಬಿಡತಕ್ಕದ್ದು. ದ್ರಾಕ್ಷಾಮದ್ಯವನ್ನೂ ಬಿಯರನ್ನೂ ಮಿತವಾಗಿ ಕುಡಿಯಬಹುದು. ಕೇಳಲಿಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಪ್ರೆಸ್ಟನಿನ ಬಡವನಿಗೆ ವಿಸ್ಕಿಗೂ ಬ್ರಾಂದಿಗೂ ಹಣವೆಲ್ಲಿ? ಅವನನ್ನು ಕೆಡಿಸಿದ್ದು ಬಿಯರೇ. ಸಾರಾಯಿ ಬಿಟ್ಟೆನೆಂದು ಸಹಿ ಹಾಕಿದವರು ಬಿಯರಂಗಡಿಯಿಂದ ತೂರಾಡುತ್ತ ಹೊರಗೆ ಬಂದರು. ಮಿತಿಯೆಂಬದು ಒಬ್ಬನಿಗೆ ಒಂದು ಲೋಟ, ಮತ್ತೊಬ್ಬನಿಗೆ ಐದು ಲೋಟವಾಯಿತು. ಶ್ರೀಮಂತನು ಊಟದ ಮೇಜಿನಲ್ಲಿ ದ್ರಾಕ್ಷಾಮದ್ಯವನ್ನಿಟ್ಟುಕೊಂಡು, ಬಡವನ ಸಾರಾಯಿಗೆ ಮಾತ್ರ ಪ್ರತಿಜ್ಞೆ ಬರೆದನೆಂಬ ಆಕ್ಷೇಪವೂ ಎದ್ದಿತು. ಅದರಲ್ಲಿ ನಿಜಾಂಶವಿತ್ತೆಂದು ನಾವು ಎಣಿಸುತ್ತೇವೆ.

ಲಿವ್ಸಿಯು ಕುಡುಕರನ್ನು ಬೈಯುವ ಮೊದಲು ಅವರು ಕುಡಿಯುವುದಕ್ಕೆ ಕೊಡುವ ಕಾರಣವನ್ನು ವಿಚಾರಿಸಿದನು. ಎಲ್ಲರೂ ಒಂದೇ ಕಾರಣವನ್ನು ಹೇಳುತ್ತಿದ್ದರು. ಬಿಯರು ಬಾರ್ಲಿಯಿಂದ ಆಗುತ್ತದೆ, ಬಾರ್ಲಿಯು ಧಾನ್ಯ, ಆದುದರಿಂದ ಬಿಯರು ಕುಡಿಯುವ ರೊಟ್ಟಿ, ಅದಿಲ್ಲದೆ ಗುದ್ದಲಿ ಹಿಡಿಯಲು, ಕುಲುಮೆಯ ಮುಂದೆ ನಿಲ್ಲಲು ಬಲವಿರದು. ವೈದ್ಯರೂ ಹಾಗೆಯೇ ಹೇಳುತ್ತಿದ್ದರು. ಬಾಣಂತಿಯರಿಗೆ ಸಹಿತ ಕುಡಿಸುತ್ತಿದ್ದರು. ನಮ್ಮಲ್ಲಿಯೂ ಕಳ್ಳು ಮೈಗೆ ತಂಪು, ಹೆಂಡ ಕೂಲಿಯವನಿಗೆ ಗಂಜಿಯಷ್ಟೇ ಒಳ್ಳೆಯದು ಎಂಬ ಮಾತು ಇದೆಯಷ್ಟೆ. ಈ ನಂಬಿಕೆಯು ನಿಂತಿರುವ ತನಕ ಪ್ರತಿಜ್ಞೆಯು ನಿಲ್ಲದೆಂದು ಲಿವ್ಸಿಗೆ ಹೊಳೆಯಿತು. ಯಾಕಂದರೆ ತನ್ನ ಅನ್ನವನ್ನು ಬಿಡುತ್ತೇನೆಂದು ಯಾವ ಕೂಲಿಯವನು ಸಹಿ ಹಾಕುವನು?

ಇಲ್ಲಿ ಅವನಿಗೆ ಒಬ್ಬ ಹಿಂದಿನವನ ಲೆಕ್ಕವು ಸಹಾಯವಾಯಿತು. ಮುಂದಕ್ಕೆ ಅಮೇರಿಕದ ಪ್ರಸಿದ್ಧ ಪುರುಷನಾದ ಬೆಂಜಮಿನ್ ಫ್ರಾಂಕ್ಲಿನನು ಯೌವನದಲ್ಲಿ, 1725-26ರ ಕಾಲದಲ್ಲಿ, ಲಂಡನಿನ ಅಚ್ಚುಕೂಟದಲ್ಲಿ ಕೆಲಸಕ್ಕಿದ್ದನು. ಅವನ ಜೊತೆಯವನೊಬ್ಬನು ಊಟಕ್ಕೆ ಮುಂಚೆ, ಊಟದ ಸಂಗಡ, ಊಟವಾದ ಮೇಲೆ ಎಂದು ದಿನಕ್ಕೆ ಆರು ಪೈಂಟು ಬಿಯರು ಕುಡಿಯುವನು. ಭಾರದ ಕೆಲಸಕ್ಕೆ ಅದು ಬೇಕೇ ಬೇಕೆಂದು ನಂಬಿದ್ದನು. ಫ್ರಾಂಕ್ಲಿನನಾದರೋ ನೀರು ಮಾತ್ರ ಕುಡಿಯುತ್ತಿದ್ದನು. ಆದರೂ ಉಳಿದವರು ಎರಡು ಕೈಗಳಿಂದ ಒಂದೊಂದಾಗಿ ಹೊರುವ ಸೀಸದ ಅಕ್ಷರದ ಚೌಕಟ್ಟುಗಳನ್ನು ಕೈಗೊಂದರಂತೆ ಎರಡನ್ನು ಹಿಡಿದು ಮೆಟ್ಟಲು ಹತ್ತುತ್ತಿದ್ದನು. ಬಿಯರಿನಲ್ಲಿ ಬಲವಿದ್ದರೆ ಅದು ನೀರಿನಲ್ಲಿ ಕರಗಿದ ಬಾರ್ಲಿಯ ಹಿಟ್ಟಿನಷ್ಟೇ ಆಗಿರಬೇಕು. ಒಂದು ಕಾಸಿನ ರೊಟ್ಟಿಯಲ್ಲಿ ಅದಕ್ಕಿಂತ ಹೆಚ್ಚು ಹಿಟ್ಟಿದೆ ಎಂಬದು ಅವನ ವಾದ.

ತಕ್ಕಡಿಯ ವ್ಯಾಪಾರಿಯಾದ ಲಿವ್ಸಿಯು ಈ ವಾದವನ್ನು ತೂಕಕ್ಕೆ ತಂದನು. ಒಂದು ಗ್ಯಾಲನ್, ಎಂದರೆ ಸುಮಾರು ನಾಲ್ಕೂವರೆ ಲೀಟರು, ಬಿಯರಿಗೆ 6 ರಾತಲು, ಎಂದರೆ ಎರಡೂ ಮುಕ್ಕಾಲು ಕಿಲೋಗ್ರಾಮಿಗೆ ಸಮೀಪ, ಬಾರ್ಲಿ ಬೇಕು. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸುತ್ತಾರೆ. ರಾಗಿಗೆ ಮೊಳಕೆ ಕಟ್ಟಿಸುವುದನ್ನು ಬಲ್ಲ ನಮ್ಮ ವಾಚಕರಿಗೆ ಇದು ಹೊಸತಲ್ಲ. ಮೊಳಕೆಯ ಬೇರುಗಳನ್ನು ಉದುರಿಸಿ ಬಿಡುವುದರಿಂದ ಒಂದು ಭಾಗ ಹೋಯಿತು. ಆ ಮೇಲೆ ಜಜ್ಜಿ ಬಿಸಿನೀರಿನಲ್ಲಿ ಕಲಸಿ ಸೋಸುತ್ತಾರೆ. ಗಷ್ಟು ಹಂದಿಗೂ ದನಕ್ಕೂ ಹೋಗುತ್ತದೆ, ಧಾನ್ಯದ ಸತ್ತ್ವದಲ್ಲಿ ಒಂದು ಪಾಲು ಅದರ ಸಂಗಡ ಹೋಗುತ್ತದೆ. ಮೂರನೆಯದಾಗಿ ಹುಳಿಯುವುದಕ್ಕೆ ಇಡುತ್ತಾರೆ. ಆಗ ಸಿಹಿಯೆಲ್ಲಾ ಅಮಲಿನ ಸಾರವಾಗಿಯೂ ಗಾಳಿಯಾಗಿಯೂ ಮಾರ್ಪಡುತ್ತದೆ. ಕೊನೆಗೆ ತಿಳಿಗೊಳಿಸುವಾಗ ಇನ್ನಷ್ಟು ತಳಕ್ಕೆ ಇಳಿದು ಬಿಸಾಡಲ್ಪಡುತ್ತದೆ. ಹೀಗೆ ನಾಲ್ಕು ಬಾರಿ ಕಳೆದುಕೊಂಡು, ಆರು ರಾತಲಿನಲ್ಲಿ ಕುಡಿಯುವವನ ಹೊಟ್ಟೆಗೆ ಸೇರುವ ಗಟ್ಟಿ ಪದಾರ್ಥವು ಒಂದು ರಾತಲೂ ಇಲ್ಲವೆಂದು ಅವನು ತೋರಿಸಿದನು. ದೇವರು ಊಟಕ್ಕೆಂದು ಬೆಳೆಸಿದ ಧಾನ್ಯವನ್ನು ಹೀಗೆ ಹಾಳುಮಾಡಿ, ಆ ಹಾಳಿಗೆ ಬಡವನು ಧಾನ್ಯದ ಕ್ರಯಕ್ಕಿಂತ ಹೆಚ್ಚು ಹಣ ತೆರುತ್ತಾನೆಂಬದು ಅವನಿಗೆ ಸಹಿಸಲಾರದ ವಿಷಯವಾಗಿತ್ತು.

ಇದನ್ನು ಅವನು ಬರೀ ಮಾತಿನಲ್ಲಿ ಹೇಳಲಿಲ್ಲ. ಸಭೆಯ ಮುಂದೆ ಮೇಜಿನ ಮೇಲೆ ಅಂಗಡಿಯಿಂದ ತರಿಸಿದ ಬಿಯರನ್ನಿಟ್ಟು, ಎಲ್ಲರೂ ನೋಡುತ್ತಿರುವಾಗ ಕಾಯಿಸಿ ಅದರ ಅಮಲಿನ ಸಾರವನ್ನು ಬೇರ್ಪಡಿಸಿ ಬೆಂಕಿ ಹಚ್ಚುವನು. ಅದು ಉರಿಯುವುದನ್ನು ಕಂಡು ಹಿಂದಿನ ಬೆಂಚಿನವರು ಎದ್ದು ನಿಲ್ಲುವರು. ಉಳಿದದ್ದನ್ನು ಬತ್ತಿಸಿ, ತಳದಲ್ಲಿ ನಿಂತ ಸ್ವಲ್ಪ ಅಂಟನ್ನು ತೋರಿಸಿ, ಇದಕ್ಕಾಗಿಯೇ ಮಕ್ಕಳ ರೊಟ್ಟಿಯ ಹಣ ಹೋಯಿತೋ ಎಂದು ಅವರವರೇ ಯೋಚಿಸುವಂತೆ ಬಿಡುವನು. 1833ರಲ್ಲಿ ತೊಡಗಿದ ಈ ಉಪನ್ಯಾಸವು ಮಾಲ್ಟ್ ಉಪನ್ಯಾಸವೆಂದು ಹೆಸರಾಗಿ, ಅಗ್ಗದ ಪುಸ್ತಕವಾಗಿ ಅಚ್ಚಾಗಿ, ಅವನು ಕಾಲಿಡದ ಊರುಗಳಿಗೂ ಹೋಯಿತು.

ನಾವು ನ್ಯಾಯವಾಗಿ ಹೇಳಬೇಕಾದರೆ, ಇಂದಿನ ಶಾಸ್ತ್ರದ ಪ್ರಕಾರ ಲಿವ್ಸಿಯ ಲೆಕ್ಕದಲ್ಲಿ ಒಂದು ಕೊರತೆಯುಂಟು. ಅಮಲಿನ ಸಾರವು ದೇಹದಲ್ಲಿ ಉರಿದು ಉಷ್ಣವನ್ನು ಕೊಡುತ್ತದೆ, ಒಂದು ಗ್ರಾಮಿಗೆ ಸುಮಾರು 7 ಕಾಲರಿ. ಆದರೆ ಮಾಂಸವನ್ನು ಬೆಳೆಸುವ ಸತ್ತ್ವವಾಗಲಿ ರಕ್ತವನ್ನು ವೃದ್ಧಿಮಾಡುವ ಸತ್ತ್ವವಾಗಲಿ ಅದರಲ್ಲಿಲ್ಲ. ಅಷ್ಟೇ ಅಲ್ಲ, ಬಹಳ ಕುಡಿಯುವವನ ದೇಹವು ತಿಂದ ಅನ್ನದಿಂದಲೂ ಬಿ-1 ಎಂಬ ಜೀವಸತ್ತ್ವವನ್ನು ಸರಿಯಾಗಿ ಹೀರಿಕೊಳ್ಳಲಾರದು. ಅದರಿಂದ ನರಗಳೂ ಜ್ಞಾಪಕಶಕ್ತಿಯೂ ಕೆಡುತ್ತವೆ. ಹೀಗಿರಲಾಗಿ ಕುಡಿಯುವ ರೊಟ್ಟಿಯೆಂಬ ಹೆಸರು ಅದಕ್ಕೆ ಸಲ್ಲದೆಂಬ ಅವನ ತೀರ್ಮಾನವು ತಪ್ಪಲಿಲ್ಲ. ನಮ್ಮ ಕಳ್ಳಿನ ವಿಷಯದಲ್ಲಿಯೂ ಹಾಗೆಯೇ. ಮರದಿಂದ ಇಳಿಯುವಾಗ ಅದರಲ್ಲಿದ್ದ ಸಿಹಿಯನ್ನೇ ಹುಳಿಯುವಿಕೆಯು ತಿಂದು ಅಮಲನ್ನಾಗಿ ಮಾಡುತ್ತದೆ.

ಈಗ ಪ್ರತಿಜ್ಞೆಯ ಸಂಗತಿಗೆ ಬರೋಣ. 1832ನೇ ಆಗಸ್ಟ್ 23, ಗುರುವಾರ, ಜಾನ್ ಕಿಂಗ್ ಎಂಬವನು ಲಿವ್ಸಿಯ ಅಂಗಡಿಯ ಮುಂದಿನಿಂದ ಹೋಗುತ್ತಿದ್ದನು. ಇಬ್ಬರೂ ಮಾತಾಡುತ್ತ, ಬಿಯರೂ ಸೇರಿ ಅಮಲಿನ ಎಲ್ಲಾ ಪಾನಗಳನ್ನು ಬಿಡುವುದೇ ಸರಿಯೆಂದು ಒಪ್ಪಿದರು. ಲಿವ್ಸಿಯು ಅಲ್ಲಿಯೇ ಒಂದು ಕಾಗದದಲ್ಲಿ ಬರೆದನು. ಇಬ್ಬರೂ ಸಹಿ ಹಾಕಿದರು. ಮುಂದಿನ ವಾರ ಸೆಪ್ಟೆಂಬರ್ 1, ಶನಿವಾರ, ಸಂಘದ ವಿಶೇಷ ಕೂಟದಲ್ಲಿ ಈ ವಿಷಯವು ಬಂದಾಗ ಬಿಸಿಯಾದ ಚರ್ಚೆ ನಡೆಯಿತು. ಹೆಚ್ಚಿನವರು ಒಪ್ಪಲಿಲ್ಲ. ಕೂಟ ಮುಗಿದರೂ ಜನರು ಅಲ್ಲಲ್ಲಿ ಗುಂಪುಗಳಾಗಿ ನಿಂತು ವಾದಿಸುತ್ತಿರುವಾಗ ಲಿವ್ಸಿಯು ಪ್ರತಿಜ್ಞೆಯನ್ನು ಬರೆದು ಮುಂದಿಟ್ಟನು. ಏಳು ಮಂದಿ ಸಹಿ ಹಾಕಿದರು. ಅದು ಜೀವಮಾನದ ಪ್ರತಿಜ್ಞೆಯಾಗಿರದೆ ಒಂದು ವರ್ಷದ ಪರೀಕ್ಷೆಯಾಗಿತ್ತೆಂಬದನ್ನು ವಾಚಕರು ಗಮನಿಸಬೇಕು. ಬಿಯರಿಲ್ಲದೆ ಕೆಲಸ ಮಾಡಲಾಗದೆಂದು ನಂಬಿದವರಿಗೆ ಒಂದು ವರ್ಷ ಮಾಡಿ ನೋಡಿರೆಂಬ ಮಾತು ಹೇಳಬಹುದಾದದ್ದೂ ಕೇಳಬಹುದಾದದ್ದೂ ಆಗಿತ್ತು. ಅವರು ಮಾಡಿ ನೋಡಿದರು. ಕೈಯ ಬಲ ಕಡಿಮೆಯಾಗಲಿಲ್ಲ. ಈ ಏಳು ಮಂದಿಯನ್ನು ಪ್ರೆಸ್ಟನಿನ ಏಳ್ವರೆಂದು ಇಂಗ್ಲೆಂಡಿನಲ್ಲಿ ಕರೆಯುವುದುಂಟು.

ಪ್ರೆಸ್ಟನಿನಲ್ಲಿ ಡರ್ಬಿಯ ಶ್ರೀಮಂತನಿಗೆ ಸೇರಿದ ಒಂದು ಕೋಳಿಅಂಕದ ಕಟ್ಟಡವಿತ್ತು. ಹುಂಜಗಳನ್ನು ಕಾದಿಸಿ ಪಣ ಕಟ್ಟಿ ಕುಡಿಯುತ್ತಿದ್ದ ಆ ಕಳದಲ್ಲಿ ಈಗ ಮದ್ಯವರ್ಜನದ ಕೂಟಗಳು ನಡೆದವು. ಕರಾವಳಿಯ ನಮ್ಮ ವಾಚಕರು ಈ ಬದಲಾವಣೆಯ ಅರ್ಥವನ್ನು ಚೆನ್ನಾಗಿ ಬಲ್ಲರು. ಲಿವ್ಸಿಯು ಅಲ್ಲಿ ದೊಡ್ಡ ಪಂಡಿತರನ್ನು ಕರಸಲಿಲ್ಲ. ಕುಡಿತವನ್ನು ಬಿಟ್ಟ ನೇಕಾರರನ್ನೂ ಚಮ್ಮಾರರನ್ನೂ ಕಮ್ಮಾರರನ್ನೂ ಎಬ್ಬಿಸಿ ನಿಲ್ಲಿಸಿ, ಅವರವರ ಊರಮಾತಿನಲ್ಲಿಯೇ ಸಾಕ್ಷಿ ಹೇಳಿಸಿದನು. ಅವರಲ್ಲಿ ರಿಚರ್ಡ್ ಟರ್ನರನೆಂಬ ಬಡ ಕೂಲಿಯವನೊಬ್ಬನಿದ್ದನು. ಅವನು 1832ರಲ್ಲಿ ಕುಡಿದ ಅಮಲಿನಲ್ಲಿಯೇ ತಮಾಷೆ ನೋಡುವುದಕ್ಕೆಂದು ಕೂಟಕ್ಕೆ ಬಂದು, ಹೊರಡುವಾಗ ಸಹಿ ಹಾಕಿದವನು. 1833ರಲ್ಲಿ ಅವನು ಮಾತಾಡುತ್ತ, ಅರ್ಧಂಬರ್ಧ ಬಿಡುವುದು ತನಗೆ ಸಾಲದೆಂದೂ ಸಂಪೂರ್ಣವಾಗಿ ಬಿಡಬೇಕೆಂದೂ ಹೇಳುವುದಕ್ಕೆ ಟೋಟಲ್ ಎಂಬ ಪದಕ್ಕೆ ಟೀ ಎಂಬ ಅಕ್ಷರವನ್ನು ಇನ್ನೊಮ್ಮೆ ಒತ್ತಿ ಸೇರಿಸಿ ಟೀಟೋಟಲ್ ಎಂದನು. ಲಿವ್ಸಿಯು ಕೂಡಲೇ ಅದೇ ತಮ್ಮ ಹೆಸರಾಗಲೆಂದನು. ಆ ಪದವು ಲೋಕದಲ್ಲೆಲ್ಲಾ ಹಬ್ಬಿತು. ಅದು ಚಹಾ ಕುಡಿಯುವುದರಿಂದ ಬಂದ ಹೆಸರೆಂದು ಕೆಲವರು ಎಣಿಸುವುದು ಸರಿಯಲ್ಲ. ಟರ್ನರನು 1846ರಲ್ಲಿ ತೀರಿಹೋದನು.

ಆದರೂ ಚಹಕ್ಕೂ ಈ ಕೆಲಸದಲ್ಲಿ ಪಾಲಿತ್ತು. ಕುಡಿತವನ್ನು ಬಿಟ್ಟವನಿಗೆ ಶನಿವಾರ ಸಾಯಂಕಾಲ ಕೂತುಕೊಳ್ಳಲು ಬೆಚ್ಚಗಿನ ಸ್ಥಳವೂ ಜೊತೆಯೂ ಇಲ್ಲದಿದ್ದರೆ ಅವನು ಎಲ್ಲಿಗೆ ಹೋಗುವನು? ಹೆಂಡದಂಗಡಿಯಲ್ಲಿ ಬೆಂಕಿಯೂ ಬೆಳಕೂ ಗೆಳೆಯರೂ ಇದ್ದರಷ್ಟೆ. ಆದಕಾರಣ ಪ್ರೆಸ್ಟನಿನಲ್ಲಿ ದೊಡ್ಡ ಚಹಾಕೂಟಗಳನ್ನು ನಡೆಸಿದರು. ದೊಡ್ಡ ಹಂಡೆಯಲ್ಲಿ ನೀರು ಕಾಯಿಸಿ, ಮುಂಚೆ ಕುಡುಕರಾಗಿದ್ದವರೇ ಬಿಳೀ ಬಟ್ಟೆ ಕಟ್ಟಿಕೊಂಡು ಬಡಿಸಿದರು. ಹೆಂಡತಿಮಕ್ಕಳೂ ಬಂದು ಕೂತರು. ಪಟ್ಟಣವನ್ನು ಭಾಗಗಳಾಗಿ ಹಂಚಿ, ಒಂದೊಂದು ಭಾಗಕ್ಕೆ ಮೇಲ್ವಿಚಾರಕನನ್ನಿಟ್ಟು, ಸಹಿ ಹಾಕಿದವರ ಮನೆಗಳಿಗೆ ಹೋಗಿ ವಿಚಾರಿಸುವ ಕ್ರಮವನ್ನು ಲಿವ್ಸಿಯು ಮಾಡಿದನು. ತಾನೂ ಆದಿತ್ಯವಾರ ಬೆಳಿಗ್ಗೆ ಮನೆಮನೆಗೆ ಹೋಗುವನು. ತಿರಿಗಿ ಬಿದ್ದವನನ್ನು ಸಂಘದಿಂದ ತಳ್ಳಿಬಿಡದೆ ಅವನ ಬಾಗಿಲನ್ನೇ ಮೊದಲು ತಟ್ಟುವನು. ಪ್ರತಿಜ್ಞೆಯ ಕಾಗದಕ್ಕಿಂತ ಈ ಭೇಟಿಗಳೇ ಹೆಚ್ಚು ಮಂದಿಯನ್ನು ನಿಲ್ಲಿಸಿದವೆಂದು ನಮ್ಮ ಅಭಿಪ್ರಾಯ.

ಇಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸುವುದು ನಮ್ಮ ಕರ್ತವ್ಯ. ಆ ಕಾಲದಲ್ಲಿ ಒಂದೇ ರಾತ್ರಿಯಲ್ಲಿ ಬಿಟ್ಟುಬಿಡುವುದನ್ನೇ ಎಲ್ಲರಿಗೂ ಹೇಳುತ್ತಿದ್ದರು. ಸ್ವಲ್ಪ ಕುಡಿಯುವವನಿಗೆ ಅದರಿಂದ ಅಪಾಯವಿಲ್ಲ. ಆದರೆ ಬಹು ಕಾಲದಿಂದ ಪ್ರತಿದಿನವೂ ಬಹಳವಾಗಿ ಕುಡಿಯುವವನು, ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುವವನು, ಥಟ್ಟನೆ ನಿಲ್ಲಿಸಿದರೆ ಒಂದೆರಡು ದಿನಗಳಲ್ಲಿ ಬೆವರು, ನಡುಕ, ಇಲ್ಲದ್ದನ್ನು ಕಾಣುವ ಭ್ರಮೆ, ಮೂರ್ಛೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಇಂಥವನನ್ನು ಮನೆಯಲ್ಲಿ ಕಟ್ಟಿಹಾಕಿ ಬಿಡಿಸಲು ನೋಡದೆ ಜಿಲ್ಲಾ ಆಸ್ಪತ್ರೆಗೆ ಕರಕೊಂಡು ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದಕ್ಕಾಗಿಯೇ ಒಂದು ವಿಭಾಗವುಂಟು. ಇಂದಿನ ವೈದ್ಯರು ಔಷಧ ಕೊಟ್ಟು ಕೆಲವು ದಿನಗಳಲ್ಲಿ ಸುಖವಾಗಿ ಬಿಡಿಸಬಲ್ಲರು. ಇನ್ನು ಸ್ವಲ್ಪವೇ ಕುಡಿಯುವೆನೆನ್ನುವವರು ತಿಳಿಯತಕ್ಕದ್ದೇನಂದರೆ, 2023ರಲ್ಲಿ ಲೋಕಾರೋಗ್ಯ ಸಂಸ್ಥೆಯು ಆರೋಗ್ಯಕ್ಕೆ ನಿರಪಾಯವಾದ ಪ್ರಮಾಣವೆಂಬದು ಯಾವುದೂ ಇಲ್ಲವೆಂದೂ, ಎಷ್ಟು ಕಡಿಮೆ ಕುಡಿದರೆ ಅಷ್ಟು ಒಳ್ಳೆಯದೆಂದೂ ಹೇಳಿತು. ಮದ್ಯವು ಮನುಷ್ಯರಲ್ಲಿ ಕ್ಯಾನ್ಸರನ್ನು ಹುಟ್ಟಿಸುತ್ತದೆಂದು ಅದಕ್ಕೆ ಸೇರಿದ ಸಂಶೋಧನಾಲಯವು 1988ರಲ್ಲಿಯೇ ತೀರ್ಮಾನಿಸಿತ್ತು. ಪೂರ್ಣವಾಗಿ ಬಿಡಲು ಇಂದು ಮನಸ್ಸಾಗದವನು ವಾರದಲ್ಲಿ ನಾಲ್ಕು ದಿನ ಬಿಟ್ಟರೂ ಅದು ಲಾಭವೇ.

1833ರ ಬೇಸಿಗೆಯಲ್ಲಿ ಲಿವ್ಸಿಯೂ ಕೆಲವು ಜೊತೆಗಾರರೂ ಒಂದು ಕುದುರೆಗಾಡಿಯಲ್ಲಿ ಕರಪತ್ರಗಳನ್ನು ತುಂಬಿಕೊಂಡು ಬ್ಲ್ಯಾಕ್‌ಬರ್ನ್, ರಾಚ್‌ಡೇಲ್, ಓಲ್ಡಮ್, ಸ್ಟಾಕ್‌ಪೋರ್ಟ್, ಮ್ಯಾಂಚೆಸ್ಟರ್ ಮೊದಲಾದ ಹತ್ತಿಗಿರಣಿಯ ಊರುಗಳಿಗೆ ಹೋಗಿ ಬೀದಿಯಲ್ಲಿ ಮಾತಾಡಿದರು. ನಿಂದೆಗೂ ಕೊರತೆಯಿರಲಿಲ್ಲ. ಬಿಯರು ವ್ಯಾಪಾರಿಗಳ ಕೋಪವು ಸಹಜವೇ. ಸಭೆಗಳೊಳಗಿಂದಲೂ ವಿರೋಧ ಬಂತು. ಪೂರ್ಣ ವರ್ಜನೆಯು ವೇದಕ್ಕೆ ಮೀರಿದ ಕಟ್ಟಳೆಯೆಂದು ಕೆಲವು ಬೋಧಕರು ಹೇಳಿದರು. ಕರ್ತನ ಭೋಜನದ ದ್ರಾಕ್ಷಾರಸದ ವಿಷಯವಾಗಿ ಬಹು ವರ್ಷ ತರ್ಕ ನಡೆಯಿತು. ಕುಡಿತದಿಂದ ಬಿಡುಗಡೆಯಾದವನ ತುಟಿಗೆ ಆ ಪಾತ್ರೆಯಲ್ಲಿಯೇ ಪುನಃ ಅಮಲು ತಗಲಬೇಕೋ ಎಂಬದು ತರ್ಕದ ಸಾರ. 1869ರಲ್ಲಿ ಅಮೇರಿಕದ ಥಾಮಸ್ ವೆಲ್ಚ್ ಎಂಬ ಮೆಥೊಡಿಸ್ಟ್ ದಂತವೈದ್ಯನು ದ್ರಾಕ್ಷೆಯ ರಸವನ್ನು ಕಾಯಿಸಿ ಹುಳಿಯದಂತೆ ಇಡುವ ಕ್ರಮವನ್ನು ಕಂಡುಹಿಡಿದ ಮೇಲೆ ಅನೇಕ ಸಭೆಗಳಿಗೆ ದಾರಿಯಾಯಿತು.

ಲಿವ್ಸಿಯ ಮಿಕ್ಕ ಕಾರ್ಯಗಳನ್ನು ನಾವು ಸಂಕ್ಷೇಪವಾಗಿ ಹೇಳುವೆವು. ಬಡವರ ರೊಟ್ಟಿಯ ಕ್ರಯವನ್ನು ಏರಿಸಿದ ಧಾನ್ಯದ ಸುಂಕದ ವಿರುದ್ಧವಾಗಿ 1841ರಿಂದ 1846ರ ವರೆಗೆ ಒಂದು ಚಿತ್ರಪತ್ರಿಕೆಯನ್ನು ನಡೆಸಿದನು. ಸುಂಕವು ರದ್ದಾದ ಮೇಲೆ ಅದನ್ನು ನಿಲ್ಲಿಸಿದನು. 1844ರಲ್ಲಿ ಪ್ರೆಸ್ಟನ್ ಗಾರ್ಡಿಯನ್ ಎಂಬ ವರ್ತಮಾನಪತ್ರವನ್ನು ಸ್ಥಾಪಿಸಿದನು. 1861ರಿಂದ ಅಮೇರಿಕದ 내 ಯುದ್ಧದ ದೆಸೆಯಿಂದ ಹತ್ತಿ ಬಾರದೆ ಗಿರಣಿಗಳು ಮುಚ್ಚಿದಾಗ, ಮುದುಕನಾಗಿದ್ದರೂ ಹಸಿದವರಿಗೆ ಅನ್ನಬಟ್ಟೆ ಹಂಚುವ ಕೆಲಸದಲ್ಲಿ ದುಡಿದನು.

ಮುಪ್ಪಿನಲ್ಲಿ ಅವನಿಗೆ ಒಂದು ವ್ಯಸನವಿತ್ತು. 1853ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ದೊಡ್ಡ ಸಂಘವೊಂದು ಮದ್ಯದ ವ್ಯಾಪಾರವನ್ನೇ ಕಾಯಿದೆಯಿಂದ ನಿಲ್ಲಿಸಬೇಕೆಂದು ಹೋರಾಡುತ್ತಿತ್ತು. ಲಿವ್ಸಿಯು ಆ ವ್ಯಾಪಾರದ ಮಿತ್ರನಲ್ಲ. ಆದರೆ ಎಲ್ಲರ ಕಣ್ಣೂ ಪಾರ್ಲಿಮೆಂಟಿನ ಕಡೆಗೆ ತಿರುಗಿ, ನೆರೆಯವನ ಬಾಗಿಲನ್ನು ತಟ್ಟುವ ಕೆಲಸವು ನಿಂತುಹೋಗುತ್ತಿದೆಯೆಂದು ಅವನು ಮರುಗಿದನು. ಬಿಯರಿನಲ್ಲಿ ಬಲವಿದೆಯೆಂಬ ಹಳೆಯ ನಂಬಿಕೆಯು ಪುನಃ ಬೆಳೆಯುತ್ತಿತ್ತು. ಅದನ್ನು ಕಾಯಿದೆಯು ಕೀಳಲಾರದು. ಇದಕ್ಕಾಗಿ 1867ರಲ್ಲಿ, ತನ್ನ 73ನೇ ವಯಸ್ಸಿನಲ್ಲಿ, ಮತ್ತೊಂದು ಮಾಸಪತ್ರಿಕೆಯನ್ನು ಹೊರಡಿಸಿ ಮೊದಲಿನ ಪಾಠವನ್ನೇ ಮೊದಲಿನಿಂದ ಹೇಳಿದನು. ನಮ್ಮ ಕರ್ನಾಟಕದಲ್ಲಿ 2007ನೇ ಜುಲೈ 1ರಿಂದ ಸಾರಾಯಿಯು ನಿಷೇಧವಾಯಿತು. ಅನೇಕ ಮನೆಗಳಿಗೆ ಅದರಿಂದ ಉಪಕಾರವಾದದ್ದು ನಿಜ. ಆದರೂ ಬೇರೆ ಬಾಟಲಿಯು ಆ ಸ್ಥಳಕ್ಕೆ ಬಂತೆಂದು ಬಲ್ಲವರು ಲಿವ್ಸಿಯ ಚಿಂತೆಯನ್ನು ತಿಳಿದುಕೊಳ್ಳುವರು.

ಐವತ್ತಕ್ಕೂ ಹೆಚ್ಚು ವರ್ಷ ಅವನ ಸಂಗಡ ಬಾಳಿ ಹದಿಮೂರು ಮಕ್ಕಳನ್ನು ಹೆತ್ತ ಜೇನಳು 1869ರಲ್ಲಿ ತೀರಿಹೋದಳು. ಬಾಲ್ಯದ ನೆಲಮಾಳಿಗೆಯಿಂದ ದೇಹದಲ್ಲಿ ಬಲ ಕಡಿಮೆಯಾಗಿದ್ದ ಲಿವ್ಸಿಯು, ವೈದ್ಯನು ಹೇಳಿದ ಬಿಯರಿಲ್ಲದೆಯೇ, ಹೆಚ್ಚು ಬಲಶಾಲಿಗಳಾಗಿದ್ದ ಅನೇಕ ಸಮಕಾಲೀನರನ್ನು ಮೀರಿ ಬದುಕಿದನು. 1884ನೇ ಸೆಪ್ಟೆಂಬರ್ 2ರಲ್ಲಿ, ತನ್ನ 90ನೇ ವಯಸ್ಸಿನಲ್ಲಿ, ಏಳು ಮಂದಿಯು ಸಹಿ ಹಾಕಿದ ಆ ಶನಿವಾರಕ್ಕೆ 52 ವರ್ಷವೂ ಒಂದು ದಿವಸವೂ ಆದಾಗ, ಪ್ರೆಸ್ಟನಿನಲ್ಲಿ ನಿದ್ರೆಹೋದನು. ಅವನ ದೇಹವನ್ನು ಆ ಪಟ್ಟಣದ ಸ್ಮಶಾನಭೂಮಿಯಲ್ಲಿ ಹೂಣಿಟ್ಟರು.